ಮುಸುರಿ ಬಕೆಟ್ಟಿನ ತೂಕ

ಹುಚ್ಚವ್ವನ ಸಿಡುಕು ತಡಸ ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಅಲ್ಲಿನ ಒಂದು ಟ್ರಸ್ಟಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹತ್ತೊಂಬತ್ತು ವರ್ಷ ಅಡಿಗೆ ಮಾಡಿದ್ದಾಳೆ, ಒಂದು ಹುಡುಗಿಯೂ ಅರೆಹೊಟ್ಟೆಯಲ್ಲಿ ಎದ್ದುಹೋದದ್ದಿಲ್ಲ. ಅವಳಿಗಿದ್ದ ಜಂಬ ಅದೊಂದೇ. ಅದಕ್ಕೂ ಕಲ್ಲು ಬಿತ್ತು.

ದಿನಾ ಎಷ್ಟು ಊಟ ಹಾಳಾಗುತ್ತದೆ ಎಂದು ತೂಗಿ ಬರೆಯಬೇಕೆಂದು ಟ್ರಸ್ಟಿನ ಕಚೇರಿಯಿಂದ ಅಪ್ಪಣೆ ಬಂತು. ಜೊತೆಗೆ ಕೊಕ್ಕೆಯ ತಕ್ಕಡಿ, ದಪ್ಪನೆಯ ರಿಜಿಸ್ಟರು. ಆ ಅಡಿಗೆಮನೆಯಲ್ಲಿ ಹಾಳಾಗುವುದೆಂಬುದೇ ಇರಲಿಲ್ಲ. ತಟ್ಟೆಯಲ್ಲಿ ಉಳಿದ ತುತ್ತು, ಬಸಿದ ಗಂಜಿ, ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು, ಎಲ್ಲವೂ ಹಿತ್ತಲ ಬಾಗಿಲ ಮುಸುರಿ ಬಕೆಟ್ಟಿಗೆ ಬಿದ್ದು ದಿನಾ ಕ್ಯಾನು ತರುತ್ತಿದ್ದ ಹಯಾತಸಾಬನ ಎಮ್ಮೆಗಳ ಹೊಟ್ಟೆ ಸೇರುತ್ತಿತ್ತು. ಹುಚ್ಚವ್ವ ಹಿಂದೆಮುಂದೆ ನೋಡದೆ ಆ ಬಕೆಟ್ಟನ್ನೇ ಕೊಕ್ಕೆಗೆ ಸಿಕ್ಕಿಸಿದಳು. ಇಪ್ಪತ್ತೊಂದು ಕಿಲೋ. ವಾರ್ಡನ್ ಶೀಲಾ ಬರೆದುಕೊಂಡು ಪುಟದ ಫೋಟೋ ಕಚೇರಿಗೆ ಕಳಿಸಿದಳು. ತಿಂಗಳಿಡೀ ಹೀಗೇ ನಡೆಯಿತು.

ತಿಂಗಳ ಕೊನೆಗೆ ಪತ್ರ ಬಂತು. ಐವತ್ತನಾಲ್ಕು ಹುಡುಗಿಯರಿಗೆ ದಿನಾ ಇಪ್ಪತ್ತೊಂದು ಕಿಲೋ ಊಟ ಹಾಳು, ಆದ್ದರಿಂದ ಒಂದನೇ ತಾರೀಖಿನಿಂದ ದಿನಕ್ಕೆ ಐದು ಕಿಲೋ ಅಕ್ಕಿ ಕಡಿತ.

"ನೀರ್ರೀ ಅದು, ನೀರು! ಅವರಿಗೆ ಹೇಳ್ರಿ ಮೇಡಮ್ಮಾರ!" ಎಂದು ಹುಚ್ಚವ್ವ ಒಲೆ ಬಿಟ್ಟು ಓಡಿಬಂದಳು.

ಶೀಲಾ ಮೂರು ಸಲ ಫೋನು ಮಾಡಿದಳು. "ಫಾರಮ್ಮಿನ್ಯಾಗ ನೀರಿಗೆ ಕಾಲಮ್ಮ ಇಲ್ಲಂತ ಹುಚ್ಚವ್ವ. ಒಮ್ಮೆ ಬರದದ್ದನ್ನ ತಿದ್ದಾಕ ಬರೂದಿಲ್ಲಂತ."

ತಿದ್ದಲು ಬರುವುದಿಲ್ಲ, ಕಡಿಯಲು ಮಾತ್ರ ಬರುತ್ತದೆ, ಎಂಥ ಜನ! ತಪ್ಪು ತನ್ನದೇ ಎಂಬುದು ಹುಚ್ಚವ್ವನನ್ನು ಇನ್ನಷ್ಟು ಸುಟ್ಟಿತು. ಅಕ್ಕಿ ಕಡಿಮೆಯಾದ ಮೇಲೆ ತಪ್ಪಲೆಯ ತಳ ಬೇಗ ಕಾಣತೊಡಗಿತು. ಹತ್ತಿಮತ್ತೂರಿನ ಕೌಸರ, ಐದನೇ ಇಯತ್ತೆಯ ಹುಡುಗಿ, ಎರಡನೇ ಸಲ ತಟ್ಟೆ ಹಿಡಿದು ಬಂದಳು. "ಮುಗೀತವ್ವಾ" ಎಂದು ಹುಚ್ಚವ್ವ ಆ ಅಡಿಗೆಮನೆಯಲ್ಲಿ ಮೊದಲ ಸಲ ಹೇಳಿದಳು. ಹೇಳಿ, ಒಲೆಯ ಕಡೆ ಮುಖ ಮಾಡಿ ಅತ್ತಳು.

ಅಕ್ಕಿ ಇಳಿದರೆ ಗಂಜಿಯೂ ಇಳಿಯಬೇಕಲ್ಲ. ಬಕೆಟ್ಟು ಹದಿನಾಲ್ಕು ಕಿಲೋಕ್ಕೆ ಬಂತು. ಕಚೇರಿಯವರಿಗೆ ಖುಷಿಯೋ ಖುಷಿ. ಅಭಿನಂದನೆ ಕಳಿಸಿದರು, ಅದರ ಬೆನ್ನಿಗೇ ಇನ್ನೆರಡು ಕಿಲೋ ಕಡಿತ.

ಮರುದಿನ ಹುಚ್ಚವ್ವ ಗಂಜಿ, ನೀರು ಎಲ್ಲವನ್ನೂ ನೇರವಾಗಿ ಹಯಾತಸಾಬನ ಕ್ಯಾನಿಗೆ ಸುರಿದಳು. ತೂಗಲು ಬರಿಯ ತಟ್ಟೆಗಳ ಉಳಿಕೆಯನ್ನಷ್ಟೇ ಬಕೆಟ್ಟಿಗೆ ಹಾಕಿದಳು. ಒಂದು ಹಿಡಿ ಕರಿಬೇವು, ನಾಲ್ಕು ಮೆಣಸಿನಕಾಯಿ ತೊಟ್ಟು. ತಕ್ಕಡಿಯ ಮುಳ್ಳು ಖಾಲಿ ಬಕೆಟ್ಟಿನ ತೂಕ ದಾಟಲಿಲ್ಲ.

"ಸೊನ್ನಿ ಬರೀರಿ."

"ಸೊನ್ನಿ ಯಾಕಂತ ಕೇಳ್ತಾರ. ಷರಾ ಬರೀಬೇಕಾಕ್ಕೈತಿ."

"ಹುಡುಗ್ಯಾರು ಹಸದಾರ, ಅದಕ್ಕ ಏನೂ ಉಳದಿಲ್ಲ ಅಂತ ಬರೀರಿ."

ಶೀಲಾಳ ಪೆನ್ನು ನಿಂತಿತು. "ನನಗ ನೋಟಿಸ್ ಬರ್ತದ ಹುಚ್ಚವ್ವ."

"ಹಂಗಾರ ಕೊಡ್ರಿ ಇಲ್ಲೆ. ನನಗ ಬರಲಿ."

ನಾಲ್ಕನೇ ಇಯತ್ತೆಗೆ ಬಿಟ್ಟ ಅಕ್ಷರ. ಒಂದೊಂದಾಗಿ ನೆನಪು ಮಾಡಿಕೊಂಡು, ಸೆರಗಿನಿಂದ ಕೈಯ ಪಸೆ ಒರೆಸಿಕೊಳ್ಳುತ್ತ, ಷರಾದ ಸಾಲಿನಲ್ಲಿ ಅಷ್ಟನ್ನೂ ಬರೆದು ಕೆಳಗೆ ತನ್ನ ಹೆಸರು ಹಾಕಿದಳು.

"ಈಗ ಹೊಡೀರಿ ಫೋಟೋ."

ಶೀಲಾ ಮೊಬೈಲು ಎತ್ತಿದಳು, ಇಳಿಸಿದಳು. ಪೆನ್ನು ಇಸಿದುಕೊಂಡು ಹುಚ್ಚವ್ವನ ಹೆಸರಿನ ಪಕ್ಕದಲ್ಲಿ ತನ್ನ ಸಹಿಯನ್ನೂ ಹಾಕಿದಳು. ಆಮೇಲೆ ಫೋಟೋ ಕಳಿಸಿದಳು.