ಡಬಲ್ ಸ್ಪೀಡಿನ ಇಟಲಿ

ಯಾರೂ ಕೇಳದಿದ್ದರೂ ಸಿನಿಮಾ ಶಿಫಾರಸು ಮಾಡುವ ಚಾಳಿ ನನ್ನದು. ಹೊನ್ನವಳ್ಳಿಯ ಕೊಬ್ಬರಿ ವ್ಯಾಪಾರಿ ರುದ್ರಣ್ಣನವರ ಬೋರ್‌ವೆಲ್ ಮೋಟಾರು ರಿಪೇರಿಗೆ ಹೋದವನು, ಯಾರ ಕಣ್ಣಿಗೂ ಬೀಳದ ಒಂದು ಸಣ್ಣ ಇಟಾಲಿಯನ್ ಸಿನಿಮಾವನ್ನು ಅವರ ಫೋನಿಗೆ ಹಾಕಿಕೊಟ್ಟು ಬಂದೆ. ರದ್ದಾದ ಬಸ್ಸಿಗಾಗಿ ದಿನಾ ಕಾಯುವ ಮುದುಕಿಯ ಕಥೆ. ನಾನು ಮೂರು ಸಲ ನೋಡಿ ಮೂರು ಸಲವೂ ಅತ್ತಿದ್ದೆ.

ಮುಂದಿನ ವಾರ ಹೋಗಿ, "ಹೆಂಗಿತ್ತು?" ಅಂದೆ.

"ಡಬಲ್ ಸ್ಪೀಡಲ್ಲಿ ಓಡಿಸ್ಬುಟ್ಟೆ ಕಣಪ್ಪ. ಆದ್ರೂ ಬಸ್ಸು ಬರ್ಲಿಲ್ಲ."

ಮೈಯೆಲ್ಲ ಉರಿದುಹೋಯ್ತು. ಆ ಮುದುಕಿಯ ನಿಟ್ಟುಸಿರನ್ನೂ ಓಡಿಸಿದ್ದಾರೆ! ತಲೆ ಮೇಲಿನ ಅಟ್ಟ ತೋರಿಸಿ ಕೂಗಾಡಿದೆ. "ಅಲ್ಲ ಕಣ್ರೀ, ತೆಂಗಿನಕಾಯಿ ಅಟ್ಟಕ್ಕೆ ಹಾಕಿ, ಕೊಬ್ಬರಿ ಆಗ್ಲಿ ಅಂತ ಹತ್ತು ಹನ್ನೊಂದು ತಿಂಗಳು ಸುಮ್ನಿರ್ತೀರಿ. ಅವಸರ ಮಾಡ್ದೋರಿಗೆ ಬೈತೀರಿ. ಒಬ್ಬ ಮುದುಕಿಗೋಸ್ಕರ ಒಂದೂವರೆ ಗಂಟೆ ಕಾಯೋಕಾಗಲ್ವಾ?"

ರುದ್ರಣ್ಣ ಒಣಗಿದ ಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಅಂತು.

"ಕಾಯ್ತೀವಿ ಬುಡು. ಆದ್ರೆ ಅಟ್ಟದ ಮುಂದೆ ಕೂತ್ಕೊಂಡು ಅದನ್ನೇ ನೋಡ್ತಾ ಇರಲ್ಲ."

ಸರಿಯಾದ ಉತ್ತರ ಹೊಳೆದರೆ ವಾಪಸ್ ಹೋಗಿ ಹೇಳೋಣ ಅಂತ ಸ್ಟಾಪಿನಲ್ಲಿ ನಿಂತೆ. ಯಾವತ್ತೂ ಟೈಮಿಗೆ ಬಾರದ ತಿಪಟೂರು ಬಸ್ಸು, ದರಿದ್ರದ್ದು, ಅವತ್ತು ತಕ್ಷಣ ಬಂದುಬಿಡ್ತು.