ಸೌಟು ಹಿಡಿದ ಕೈಗೆ ಸ್ವಂತದವರಿಲ್ಲ

ಬೆಳಕಿನ್ನೂ ಹರಿದಿಲ್ಲ. ಪೆರಾಮಾದ ಚರ್ಚಿನ ನೆಲಮಾಳಿಗೆಯಲ್ಲಿ ಅರ್ಗಿರೋ ದೊಡ್ಡ ಹಂಡೆಗೆ ಮಸೂರ್ ಬೇಳೆ ಸುರಿದು ಈರುಳ್ಳಿ ಹೆಚ್ಚುತ್ತಿದ್ದಾರೆ. ಹಡಗು ಕಟ್ಟುವ ಅಂಗಳಗಳು ಒಂದೊಂದೇ ಮುಚ್ಚಿದ ಮೇಲೆ ಈ ಬಂದರಿನ ಇನ್ನೂರು ಜನ ಮಧ್ಯಾಹ್ನದ ಊಟಕ್ಕೆ ಇವರ ಕೈ ನೋಡುತ್ತಾರೆ. ಅರವತ್ತು ದಾಟಿದ ಇವರಿಗೆ ಸಂಬಳವಿಲ್ಲ.

ಇರುವುದು 'ಇಕೊನೊಮೊಸ್' ಎಂಬ ಗ್ರೀಕ್ ಬಿರುದು. ಪಾದ್ರಿ ಯೆರಾಸಿಮೊಸ್ ಅದನ್ನು ಬಿಡಿಸಿ ಹೇಳುತ್ತಾರೆ: "ಇಕೊಸ್ ಅಂದ್ರೆ ಮನೆ. ಉಳಿದರ್ಧದಲ್ಲಿ ಹಂಚೋದು ಅನ್ನೋ ಅರ್ಥ ಇದೆ. ಯಜಮಾನನ ಮನೇಲಿರೋದನ್ನ ನ್ಯಾಯವಾಗಿ ಹಂಚೋ ಕೆಲಸಕ್ಕೆ ಬೈಬಲ್‌ನಲ್ಲಿ 'ಇಕೊನೊಮಿಯಾ' ಅಂತಾರೆ. ಈಗ ಟೀವಿಯವರು ಅದನ್ನ 'ಇಕಾನಮಿ' ಅಂತ ಬರೀ ದುಡ್ಡಿನ ಮಾತು ಮಾಡ್ಕೊಂಡಿದಾರೆ."

"ಹೇಳೋದು ಸುಲಭ ಫಾದರ್," ಅರ್ಗಿರೋ ತಲೆಯೆತ್ತುವುದಿಲ್ಲ. "ಹಂಚಿ ನೋಡಿ."

ಅವರ ಗಂಡ ಸ್ತಮಾತಿಸ್ ಹಡಗಿನ ವೆಲ್ಡರ್. ಕೆಲಸ ಹೋದರೂ ಊಟದ ಸಾಲಿಗೆ ಬರಲು ಒಪ್ಪಿರಲಿಲ್ಲ. ಒಂದು ಚಳಿಗಾಲ ಕೊನೆಗೂ ಬಂದು ನಿಂತರು. ಅಂದು ಅಪರೂಪಕ್ಕೆ ಮಾಂಸ, ತಲೆಗೊಂದೇ ತುಂಡು.

"ಇನ್ನೊಂದು ಹಾಕೇ," ಎಂದರು ಮೆಲ್ಲಗೆ.

"ಇಲ್ಲಿ ನಂಗೆ ಗಂಡ ಅಂತ ಯಾರೂ ಇಲ್ಲ. ಮುಂದೆ ನಡಿ."

ಹಿಂದಿದ್ದವರು ನಕ್ಕರು. ಸ್ತಮಾತಿಸ್ ತಟ್ಟೆಯನ್ನು ಅಲ್ಲೇ ಇಟ್ಟು ಹೊರಟವರು, ಅದೇ ವಾರ ಹಿಯೋಸ್ ದ್ವೀಪದ ತಂಗಿಯ ಮನೆ ಸೇರಿದರು. ಪ್ರತಿ ಈಸ್ಟರ್‌ಗೆ ಅರ್ಗಿರೋ ಫೋನ್ ಮಾಡುತ್ತಾರೆ. ತಂಗಿ ಎತ್ತಿ, ಅವನು ಮಲಗಿದ್ದಾನೆ ಎನ್ನುತ್ತಾಳೆ.

"ತುಂಡು ಆಗಲೂ ಹಾಕ್ತಿರ್ಲಿಲ್ಲ, ಈಗಲೂ ಹಾಕಲ್ಲ. ಮಾತು ಮೆಲ್ಲಗಿರಬಹುದಿತ್ತು," ಎನ್ನುತ್ತಾರೆ ಅರ್ಗಿರೋ.

ಮರುವರ್ಷ ಉಗ್ರಾಣದಿಂದ ಆಲಿವ್ ಎಣ್ಣೆಯ ಡಬ್ಬಗಳು ಕಾಣೆಯಾದವು. ಚರ್ಚಿನ ಸಮಿತಿಯವರು ಇವರನ್ನೇ ಕಳ್ಳಿಯೆಂದು ಹೊರಗಿಟ್ಟರು. ಅರ್ಗಿರೋ ತಟ್ಟೆ ಹಿಡಿದು ಅದೇ ಸಾಲಿನಲ್ಲಿ ನಿಂತರು. ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಅವರ ಪರವಾಗಿ ಬಾಯಿ ಬಿಟ್ಟವಳು ಸಾಲಿನಲ್ಲಿದ್ದ ಮುದುಕಿ ಕಲ್ಲಿರೊಯಿ ಒಬ್ಬಳೇ: "ಕಟ್ಕೊಂಡ ಗಂಡನಿಗೇ ಒಂದು ತುಂಡು ಹಾಕದೋಳು ಎಣ್ಣೆ ಕದೀತಾಳಾ? ಬುದ್ಧಿ ಇದೆಯಾ ನಿಮಗೆ?"

ಕೊನೆಗೆ ಸಮಿತಿ ಅಧ್ಯಕ್ಷರ ಭಾವಮೈದನೇ ಆ ಎಣ್ಣೆಯನ್ನು ಹೋಟೆಲಿಗೆ ಮಾರುತ್ತ ಸಿಕ್ಕಿಬಿದ್ದ. ಅರ್ಗಿರೋಗೆ ಮತ್ತೆ ಕರೆ ಬಂತು. ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

"ನನ್ನ ಸಂಸಾರ ಮುರಿದ ಮಾತೇ ನಂಗೆ ಸಾಕ್ಷಿ ಆಯ್ತು ನೋಡಿ," ಎಂದು ನಗುತ್ತಾರೆ. ಆ ನಗುವನ್ನು ನೋಡಲಾಗುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಒಲೆಯ ಉರಿ ತಗ್ಗಿಸಿ ಕೈ ಒರೆಸಿಕೊಳ್ಳುತ್ತಾರೆ.

"ಕೊನೇ ದಿನ ಆ ಮೇಲಿನ ಯಜಮಾನ ಲೆಕ್ಕ ಕೇಳ್ತಾನಂತೆ. ಕೇಳ್ಲಿ, ಕೊಡ್ತೀನಿ. ಆಮೇಲೆ ಅವನೂ ನಂಗೊಂದು ಲೆಕ್ಕ ಕೊಡ್ಬೇಕು."