ಮದ್ದಿನ ಚೀಲ ಯಾರ ಹೆಗಲಿಗೆ?

ಮೊನ್ನೆ ನಮ್ಮ ಮನೆಯಲ್ಲಿ ಸಣ್ಣದೊಂದು ತಕರಾರು. ತಮ್ಮನಿಗೆ ಬೀಳಗಿಯಲ್ಲಿ ಒಂದು ಹೆಣ್ಣು ಗೊತ್ತಾಗಿತ್ತು. ಮೊದಲು ಹಿರಿಯರು ಹೋಗಿ ನೋಡಿ ಬರುವುದು, ಆಮೇಲೆ ಹುಡುಗ ಎಂದು ನಿಕ್ಕಿಯಾಗಿತ್ತು. ಕಾರಿನಲ್ಲಿ ಡ್ರೈವರನನ್ನು ಬಿಟ್ಟರೆ ನಾಲ್ವರಿಗೆ ಜಾಗ. ಮಾತಿಗೆ ಕಾಕಾ ಬೇಕು, ಸಂಬಂಧದ ಗಂಟು ಬಿಡಿಸಿ ಹೇಳಲು ಅತ್ತಿ ಬೇಕು, ಕೊಟ್ಟ ಉಪ್ಪಿಟ್ಟನ್ನು ಬ್ಯಾಡ ಅನ್ನದೆ ಎರಡೆರಡು ಸಲ ತಿನ್ನಲು ನಾನು ಬೇಕು. ನನ್ನ ಹೆಸರಿಗೆ ಯಾರದೂ ವಿರೋಧ ಬರಲಿಲ್ಲ. ನಾಲ್ಕನೆಯವರು ಯಾರೆಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ನನ್ನ ಬಾಯಿಂದ, "ಮದ್ದಿನಾಂವ ಒಬ್ಬ ಬೇಕಲ್ರೀ" ಎಂದು ಬಂದುಬಿಟ್ಟಿತು.

"ಹೆಣ್ಣ ನೋಡಾಕ ಹೊಂಟೀವೋ, ದವಾಖಾನಿಗಿ ಹೊಂಟೀವೋ?" ಎಂದಳು ಅತ್ತಿ.

ನಿಮಗೂ ಹಾಗೇ ಅನಿಸಿದರೆ ತಪ್ಪಿಲ್ಲ. ನಾಲ್ವರನ್ನು ಆರಿಸುವ ಮಾತು ಬಂದರೆ ಸಾಕು, ನನ್ನ ಮನಸ್ಸು ಬನಹಟ್ಟಿಯ ಒಂದು ಮಾಳಿಗೆಗೆ ಓಡಿಹೋಗುತ್ತದೆ.

ಆಗ ಬಾಗಲಕೋಟೆ ಹೊಸ ಜಿಲ್ಲೆಯಾಗಿ ಮೂರ್ನಾಲ್ಕು ವರ್ಷ. ಗೆಳೆಯ ಸಂಗು ಮತ್ತು ಅವನ ಅಕ್ಕ ಶೋಭಾ ಸೇರಿ, ಸೀರೆ ಅಂಗಡಿಯೊಂದರ ಮೇಲೆ ಕಂಪ್ಯೂಟರ್ ಕ್ಲಾಸ್ ತೆಗೆದಿದ್ದರು. ಕಂಪ್ಯೂಟರು ಮೂರು, ಅದರಲ್ಲಿ ನಡೆಯುವವು ಎರಡು. ಹಿಂದಿನ ಓಣಿಯ ಮಗ್ಗಗಳು ಶುರುವಾದರೆ ಪರದೆಯೂ ಸಣ್ಣಗೆ ನಡುಗುತ್ತಿತ್ತು. ನಾನು ಮತ್ತು ಚಿಮ್ಮಡದ ಬೀರಪ್ಪ ಅಲ್ಲಿ ಟೈಪಿಂಗ್ ಕಲಿಯಲು ಸೇರಿದವರು. ಬಿ.ಎ. ಮುಗಿಸಿ, ಮುಂದೇನು ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರ್" ಎಂದು ಗತ್ತಿನಿಂದ ಹೇಳುತ್ತಿದ್ದ ದಿನಗಳು ಅವು. ಕಲಿತದ್ದು ಮಾತ್ರ ಆಟ.

ಆಟವೂ ಅಂಥಿಂಥದ್ದಲ್ಲ. ನಾಲ್ಕು ಮಂದಿ ಊರೂರು ಅಲೆದು, ಗವಿ ಹೊಕ್ಕು, ಕೊನೆಗೆ ದೊಡ್ಡ ರಾಕ್ಷಸನನ್ನು ಕೊಲ್ಲಬೇಕು. ಆದರೆ ಹೆಜ್ಜೆ ಇಡುವ ಮೊದಲೇ ಆ ನಾಲ್ವರನ್ನು ನಾವೇ ಆರಿಸಬೇಕು. ಕತ್ತಿ ಹಿಡಿದವ, ಬರಿಗೈಲಿ ಗುದ್ದುವವ, ಕಳ್ಳ, ಬೆಂಕಿ ಎಸೆಯುವ ಮಂತ್ರವಾದಿ, ಗಾಯ ಮಾಯಿಸುವ ಬಿಳಿ ಅಂಗಿಯ ಮದ್ದಿನವ, ಮತ್ತು ಎಲ್ಲವನ್ನೂ ಅರೆಬರೆ ಬಲ್ಲ ಒಬ್ಬ. ಈ ಕೊನೆಯವನನ್ನು ಕಂಡಾಗಲೆಲ್ಲ ನನ್ನ ಬಿ.ಎ. ನೆನಪಾಗುತ್ತಿತ್ತು. ಒಮ್ಮೆ ಆರಿಸಿ ಹೆಸರಿಟ್ಟರೆ ಮುಗಿಯಿತು, ನಡುವೆ ಬದಲಿಸುವಂತಿಲ್ಲ. ನಾವು ನಾಲ್ವರೂ ನಮ್ಮ ನಮ್ಮ ಹೆಸರೇ ಇಟ್ಟು, ಒಂದೇ ಕಂಪ್ಯೂಟರಿನ ಮುಂದೆ ಕೂತು ಸರದಿಯಂತೆ ಆಡಿದೆವು.

ಮೊದಲ ಸಲ ನಾಲ್ವರ ಕೈಗೂ ಕತ್ತಿ. ಗಂಡುಮೆಟ್ಟಿದ ನಾಡು ಎಂದು ಹೇಳಿಕೊಳ್ಳುವವರು ನಾವು, ಇನ್ನೇನು ಮಾಡಿಯೇವು? ಮೊದಲ ಕೆಸರುಗದ್ದೆಯಲ್ಲೇ ಹಾವು ಕಚ್ಚಿತು. ವಿಷ ಇಳಿಸುವವರಿಲ್ಲ. ಹತ್ತು ಹೆಜ್ಜೆಯಲ್ಲಿ ನಾಲ್ವರೂ ಸಾಲಾಗಿ ಮಲಗಿದರು. ನಾಲ್ಕು ದಿನ ಹೀಗೇ ಸತ್ತೆವು.

ಐದನೆಯ ದಿನ ಬೀರಪ್ಪನ ಅವ್ವ ಸಂತೆಗೆ ಬಂದವರು, ಮಗ ಏನು ಕಲಿಯುತ್ತಿದ್ದಾನೆ ನೋಡೋಣವೆಂದು ಮೆಟ್ಟಿಲು ಹತ್ತಿ ಬಂದರು. ತಲೆತಲಾಂತರದಿಂದ ಕುರಿ ಕಾಯುವ ಮನೆತನ ಅವರದು. ಪರದೆಯ ಮೇಲಿನ ಹೆಣಗಳನ್ನು ಬಗ್ಗಿ ನೋಡಿದರು.

"ಈ ನಾಕೂ ಮಂದಿ ಎಲ್ಲಿಗಿ ಹೊಂಟಿದ್ರೋ ತಮ್ಮಾ?"

"ರಾಕ್ಷಸನ್ನ ಹೊಡ್ಯಾಕ, ಯವ್ವಾ."

"ಎಲ್ಲಾರ ಕೈಯಾಗೂ ಕತ್ತಿನ ಐತಿ. ಮದ್ದಿನ ಚೀಲ ಯಾರ ಹೆಗಲಿಗೈತಿ?"

ಅವರು ಅಲ್ಲೇ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಹೇಳಿದರು: "ನಮ್ಮ ಮನ್ಯಾಗ ಕುರಿ ಹೊಂಡೂ ಮುಂದ ಮೊದಲ ಇದನ್ನ ಕೇಳ್ತಾರು. ಕೊಡ್ಲಿ ಯಾರ ಹಿಡೀಬೇಕು ಅನ್ನೂದು ಆಮ್ಯಾಲ. ಮದ್ದಿನಾಂವ ಎಲ್ಲಾರ ಹಿಂದ ಬರ್ತಾನು, ಕುಂಟೂ ಮರಿ ಕರಕೊಂಡು. ಅಂವ ಬಂದು ಕುಂಡ್ರೂತನಕ ಯಾರೂ ರೊಟ್ಟಿ ಬಿಚ್ಚೂದಿಲ್ಲ."

ಇಷ್ಟೂ ಮಾತಿನಲ್ಲಿ ಮದ್ದು ಎಂಬುದೊಂದೇ ನಮ್ಮ ಕಿವಿಗೆ ಬಿತ್ತು. ಅದೆಷ್ಟು ಜೋರಾಗಿ ಬಿತ್ತೆಂದರೆ, ಮರುದಿನ ನಾಲ್ವರನ್ನೂ ಮದ್ದಿನವರನ್ನಾಗಿಯೇ ಮಾಡಿದೆವು! ಒಂದು ಬಾವಲಿಯ ಜೊತೆ ಅರ್ಧ ತಾಸು ಕಾಳಗ ನಡೆಯಿತು. ಅದು ಕಚ್ಚುವುದು, ನಾವು ಮದ್ದು ಹಾಕಿಕೊಳ್ಳುವುದು. ಅದು ಮತ್ತೆ ಕಚ್ಚುವುದು, ನಾವು ಮತ್ತೆ ಹಾಕಿಕೊಳ್ಳುವುದು. ಅದೂ ಸಾಯಲಿಲ್ಲ, ನಾವೂ ಸಾಯಲಿಲ್ಲ.

"ಇದು ಯುದ್ಧ ಅಲ್ಲಲೇ, ಬಾಣಂತನ," ಎಂದು ಶೋಭಕ್ಕ ಎದ್ದುಹೋದಳು.

ಅಂತೂ ಬುದ್ಧಿ ಬಂತು. ಶೋಭಕ್ಕ ತಾನಾಗಿಯೇ ಕಳ್ಳನನ್ನು ಕೇಳಿ ಪಡೆದಳು. ಟೈಪಿಂಗ್ ಕಲಿಸುವ ಟೀಚರಿಗೆ ಒಳಗೊಳಗೆ ಆ ಆಸೆ ಇತ್ತೆಂದು ಯಾರಿಗೆ ಗೊತ್ತಿತ್ತು! ಸಂಗು ಬೆಂಕಿ ಹಿಡಿದ. ಕತ್ತಿ ನನಗೆ. ಬೀರಪ್ಪನಿಗೆ ಮದ್ದಿನ ಚೀಲ. ಅವನನ್ನು ಯಾರೂ ಕೇಳಲಿಲ್ಲ. ಮೆತ್ತಗಿನ ಹುಡುಗ, ಮೇಲಾಗಿ ಅವರ ಮನೆತನದ ಕೆಲಸ ಎಂದು ನಾವೇ ತೀರ್ಮಾನಿಸಿದೆವು. ನಾಲ್ಕು ತಿಂಗಳು ಅವನು ನನ್ನನ್ನು ಎಷ್ಟು ಸಲ ಬದುಕಿಸಿದನೋ ಲೆಕ್ಕವಿಲ್ಲ. ನಾನು ಮಾತ್ರ ಪ್ರತಿ ರಾಕ್ಷಸ ಬಿದ್ದಾಗಲೂ ಮೀಸೆ ತಿರುವುತ್ತಿದ್ದೆ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ ಎನ್ನುವುದು ಬೇರೆ ಮಾತು.

ಒಂದು ದಿನ ಬೀರಪ್ಪ, "ನನಗೂ ಒಮ್ಮೆ ಕತ್ತಿ ಕೊಡ್ರಿಲೇ," ಎಂದ.

ಅದಕ್ಕಾಗಿ ಮೊದಲಿನಿಂದ ಹೊಸ ಆಟ ಶುರುಮಾಡಿದೆವು. ಅವನಿಗೆ ಕತ್ತಿ, ನನಗೆ ಬಿಳಿ ಅಂಗಿ. ಬೀರಪ್ಪ ಎಷ್ಟು ಚೆನ್ನಾಗಿ ಹೊಡೆದಾಡಿದನೆಂದರೆ ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇಕೆ. ಎರಡು ತಿಂಗಳಲ್ಲಿ ಕೊನೆಯ ಗವಿಗೆ ಬಂದು ನಿಂತೆವು. ಅಲ್ಲಿ ನನ್ನ ಹತ್ತಿರ ಉಳಿದದ್ದು ಒಂದೇ ಒಂದು ಮದ್ದು. ಬೀರಪ್ಪನ ಉಸಿರು ಕೊನೆಗೆ ಬಂದಿತ್ತು. "ಹಾಕೋ, ಹಾಕೋ," ಎನ್ನುತ್ತಿದ್ದ. ಇರಲಿ, ನನಗೇ ಬೇಕಾದೀತು ಎಂದು ತಡೆದೆ. ಅವನು ಸತ್ತ.

ಗವಿಯಿಂದ ಹೊರಗೆ ಬಂದು ಆಟದೊಳಗಿನ ಊರಿಗೆ ಹೋದರೆ ಸತ್ತವನಿಗೆ ಜೀವ ಬರಿಸಬಹುದಿತ್ತು. ಆದರೆ ಅದಕ್ಕೆ ಒಂದು ತಾಸು ಬೇಕು, ಆರಕ್ಕೆ ಕರೆಂಟ್ ಹೋಗುತ್ತದೆ. "ಮೂರ ಮಂದಿನ ಮುಗಸೂಣು ನಡೀರಿ," ಎಂದವನು ನಾನೇ. ಮುಗಿಸಿದೆವು ಕೂಡ. ರಾಕ್ಷಸ ಉರುಳಿದಾಗ ಹಾಕಿದ ಕೇಕೆಗೆ ಕೆಳಗಿನ ಸೀರೆ ಅಂಗಡಿಯವರು ಓಡಿ ಬಂದರು. ತಿರುಗಿ ನೋಡಿದರೆ ಬೀರಪ್ಪನ ಕುರ್ಚಿ ಖಾಲಿ.

ಮರುದಿನದಿಂದ ಅವನು ಬರಲಿಲ್ಲ. ಮುಂದೆ ಮದುವೆ ಮುಂಜಿಗಳಲ್ಲಿ ಸಿಕ್ಕರೆ, "ಆರಾಮದೀರೇನ್ರಿ?" ಎನ್ನುತ್ತಿದ್ದ. ಮೊದಲಿನ 'ಲೇ' ಹೋಗಿ 'ರೀ' ಬಂದಿತ್ತು. ಒಂದು ಆಟದ ಮದ್ದಿಗೆ ಇಷ್ಟು ಸಿಟ್ಟೇ ಎಂದು ನಾನೂ ಸೆಟೆದುಕೊಂಡೆ. ಹೀಗೆ ಹದಿನಾಲ್ಕು ವರ್ಷ ಕಳೆದವು, ನೋಡಿ. ಅವನನ್ನು ಕಳೆದುಕೊಂಡದ್ದಕ್ಕೆ ನನಗೆ ದುಃಖವಿತ್ತು. ಅದನ್ನು ಹೇಳುವಷ್ಟು ಗಂಡಸುತನ ಇರಲಿಲ್ಲ.

ಮೊನ್ನೆ ಅತ್ತಿ ಹಾಗೆ ಅಂದ ಮೇಲೆ ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ. ಮೊಬೈಲಿನಲ್ಲಿ ಬೀರಪ್ಪನ ನಂಬರ್ ಎಂದಿನಿಂದಲೋ ಇತ್ತು. ಒತ್ತಿದೆ.

"ಬೀರಪ್ಪಾ, ಅವತ್ತ ನಿನಗ ಮದ್ದ ಹಾಕಬೇಕಿತ್ತು. ತಪ್ಪಾತಪಾ."

"ಯಾವ ಮದ್ದ್ರಿ?" ಎಂದ. ಆಮೇಲೆ ದೊಡ್ಡದಾಗಿ ನಕ್ಕ. "ಮದ್ದಿಂದ ಏನ್ರಿ, ಆಟ ಅಂದಮ್ಯಾಲ ಒಬ್ಬಾಂವ ಸಾಯ್ತಾನು. ನಾ ಸತ್ತ ಮ್ಯಾಲೂ ನೀವು ನಿಂದರಲಿಲ್ಲ. ಬಸ್ಸಿಗಿ ಹೊಂಟೇನಿ ಅಂತ ಎರಡ ಸಲ ಹೇಳಿದೆ. ಒಬ್ಬರೂ ಹೊಳ್ಳಿ ನೋಡಲಿಲ್ಲ."

ಹದಿನಾಲ್ಕು ವರ್ಷ ನಾನು ಬೇರೆಯೇ ತಪ್ಪನ್ನು ಹೊತ್ತು ತಿರುಗಿದ್ದೆ. ಬಾಯಿಗೆ ಬಂದದ್ದನ್ನು ಕೇಳಿದೆ:

"ಆ ಸಂಜಿ ಬಸ್ಸ ಸಿಕ್ತೇನು ನಿನಗ?"

ಆ ಕಡೆ ನಗು ನಿಂತಿತು.

"ಈಗ ಕೇಳಿದೇನಲೇ?" ಎಂದ. "ಇಲ್ಲ, ತಪ್ಪಿತ್ತು. ಚಿಮ್ಮಡಕ್ಕ ನಡಕೋಂತ ಹ್ವಾದೆ."

ನಾಳೆ ಭಾನುವಾರ, ಚಿಮ್ಮಡಕ್ಕೆ ಅವನ ಮನೆಗೆ ಹೊರಟಿದ್ದೇನೆ. ಬೈಕ್ ಇದೆ, ಆಟೋ ಇದೆ, ಬಸ್ಸಂತೂ ಈಗ ತಾಸಿಗೊಂದು. ಬನಹಟ್ಟಿಯಿಂದ ನಡೆದೇ ಹೋಗುತ್ತೇನೆ ಎಂದು ಅವನಿಗೆ ಹೇಳಿಬಿಟ್ಟಿದ್ದೇನೆ. ನನ್ನ ಹೊಟ್ಟೆಯ ಗಾತ್ರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಕಾಣೆ. ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂದಿದ್ದಾನೆ.